ಕೆಂಪು ಬಳಿದ ಬಾವಿಗೆ ನೀಲಿ ನಲ್ಲಿ

ಜಿಲ್ಲೆಯ ಕುಡಿಯುವ ನೀರಿನ ಹೊಣೆ ಹೊತ್ತಿರುವ ಮಾನ್ಯರೇ,

ನಮ್ಮ ಹಟ್ಟಿಯ ಹಳ್ಳದಲ್ಲಿ ಚಿಲುಮೆಯ ಸುತ್ತ ನಾವು ಹಾಕಿದ್ದ ಮುಳ್ಳುಬೇಲಿಯನ್ನು ಕಳೆದ ವಾರ ನಿಮ್ಮವರು ಕಿತ್ತುಹಾಕಿದರು. ಮರುದಿನವೇ ಅಲ್ಲಿಗೆ ಮರಳಿನ ಟ್ರ್ಯಾಕ್ಟರುಗಳು ಇಳಿದವು. ಚಿಲುಮೆ ಎಂದರೆ ಹಳ್ಳದ ಮರಳನ್ನು ಕೈಯಿಂದ ಬಗೆದು, ಒಸರಿದ ನೀರನ್ನು ಚಿಪ್ಪಿನಲ್ಲಿ ಮೊಗೆಯುವ ಗುಂಡಿ. ನಮ್ಮ ಮಕ್ಕಳು ಕುಡಿಯಬಹುದಾದ ನೀರು ಇದ್ದದ್ದು ಅಲ್ಲಿ ಮಾತ್ರ.

ನಾನು ಹಿರಿಯೂರು ತಾಲ್ಲೂಕು ಐಮಂಗಲದ ಕಡೆಯ ಮ್ಯಾಸಬೇಡರ ಹಟ್ಟಿಯವಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಕುಂತಲ್ಲಿ ಕೂರದವಳೆಂದು ಮೇಷ್ಟ್ರೂ ಬೈದರು, ಅವ್ವನೂ ಬೈದಳು. ಆದರೆ ಸುಳ್ಳು ಬರೆಯಲಾರೆ, ಆದ್ದರಿಂದ ಮೊದಲು ಹಟ್ಟಿಯ ತಪ್ಪನ್ನೇ ಹೇಳುತ್ತೇನೆ. ನಮ್ಮಲ್ಲಿ ದೇವರ ಎತ್ತುಗಳಿವೆ. ಅವನ್ನು ಹೂಡುವುದಿಲ್ಲ, ಮಾರುವುದಿಲ್ಲ, ಕಾಯುವವನು ಕಿಲಾರಿ. ಕೊಳವೆಬಾವಿ ಬಂದಾಗ, ಆ ನೀರು ಕುಡಿಯಬಹುದೇ ಎಂದು ತಿಳಿಯಲು ಹಿರಿಯರು ಎತ್ತುಗಳನ್ನು ತೊಟ್ಟಿಗೆ ಬಿಟ್ಟರು. ಅವು ಕುಡಿದವು. ದೇವರೇ ಒಪ್ಪಿದ ಮೇಲೆ ಇನ್ನೇನೆಂದು ಹಟ್ಟಿ ಚಿಲುಮೆಯನ್ನು ಮರೆಯಿತು. ಆ ನೀರಿನಲ್ಲಿ ಇದ್ದ ವಿಷ ಫ್ಲೋರೈಡು; ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಎತ್ತಿಗೆ ತಿಳಿಯುವುದು ಹೇಗೆ? ನನ್ನ ಹಲ್ಲು ಕಂದಿದವು, ಅಪ್ಪನಿಗೆ ಮಂಡಿ ಮಡಿಸಲಾಗದಾಯಿತು. ಎತ್ತುಗಳು ಓದಿಲ್ಲ. ನೀವು ಓದಿದ್ದೀರಿ.

ನಿಮ್ಮ ಸಿಬ್ಬಂದಿಯೇ ಬಂದು ನೀರಿಗೆ ಔಷಧಿ ಹನಿಸಿ, ಬಣ್ಣ ನೋಡಿ, ಕುಡಿಯಬೇಡಿ ಎಂದು ಆ ಕೊಳವೆಬಾವಿಯ ಕೈಪಂಪಿಗೆ ಕೆಂಪು ಬಳಿದು ಹೋದರು. ಆಮೇಲೆ ಬಂದ ಯೋಜನೆಯವರು ಆ ಕೆಂಪು ಪಂಪನ್ನು ಕಳಚಿ, ಅದೇ ಬಾವಿಗೆ ಮೋಟಾರು ಇಳಿಸಿ, ಮನೆಮನೆಗೆ ನೀಲಿ ನಲ್ಲಿ ಕೊಟ್ಟರು. ಬಣ್ಣ ಬದಲಾದರೆ ವಿಷ ಇಳಿಯುತ್ತದೆಂದು ಯಾವ ತರಗತಿಯಲ್ಲಿ ಕಲಿಸುತ್ತಾರೆ? ನಾನು ಶಾಲೆ ಬಿಟ್ಟ ಮೇಲಿನ ತರಗತಿಯಲ್ಲಿರಬೇಕು. ಶುದ್ಧ ನೀರಿನ ಘಟಕವನ್ನೂ ಕೊಟ್ಟಿದ್ದಿರಿ. ಕೆಟ್ಟು ನಿಂತ ಮೇಲೆ ಅದರೊಳಗೆ ಕುರಿಮರಿ ಕಟ್ಟುತ್ತಿದ್ದೇವೆ. ಮರಿಗಳಿಗೆ ಅನುಕೂಲವಾಗಿದೆ, ಧನ್ಯವಾದ.

ನಮ್ಮ ಕಿಲಾರಿ ಓಬಳೇಶಪ್ಪಜ್ಜನ ಜೊತೆ ಚಿತ್ರದುರ್ಗದ ನಿಮ್ಮ ಕಚೇರಿಗೂ ಬಂದಿದ್ದೆ. “ಹಟ್ಟಿಗೆ ನಲ್ಲಿ ಐತಲ್ಲಮ್ಮ, ಮತ್ತೇನು?” ಎಂದರು ನಿಮ್ಮವರೊಬ್ಬರು. “ಐತೆ ಸ್ವಾಮಿ, ಅದರದೇ ನೀರು ತಂದೀವಿ. ಒಂದು ಗುಟುಕು ಕುಡೀರಿ ನೋಡಾಣ” ಎಂದ ಅಜ್ಜ. ಅವರು ಮೇಜಿನ ಮೇಲಿದ್ದ ತಮ್ಮ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಬರಿಗೈಲಿ ಮರಳಿ ಚಿಲುಮೆಯನ್ನು ಮತ್ತೆ ಬಗೆದೆವು. ನೀರು ಎಲ್ಲರಿಗೂ ಸಾಲದು. ಕಟ್ಟೆಮನೆ, ಅಂದರೆ ನಮ್ಮ ಕುಲದ ಪಂಚಾಯ್ತಿ, ಸೇರಿತು. ಕಟ್ಟಳೆಯಂತೆ ಮೊದಲ ಕೊಡ ದೇವರ ಎತ್ತಿಗೆ. ಅಜ್ಜ ನನ್ನ ಅಕ್ಕನ ಮಗಳು ಅಂಜಲಿಯನ್ನು ಕರೆದು, “ಬಾಯಿ ತಗಿಯವ್ವ” ಎಂದು ನೋಡಿದ. ಅವಳಿಗೆ ಹಾಲುಹಲ್ಲು ಬೀಳುತ್ತಿದೆ; ಈ ನೀರಿಗೆ ನನ್ನವುಗಳಂತೆ ಕಂದುವುದು ಇನ್ನು ಬರಲಿರುವ ಹಲ್ಲು.

“ಎತ್ತಿಗೆ ನಲ್ಲಿ ನೀರೇ ಇರ್ಲಿ. ದೇವ್ರಿಗೆ ನಾ ಹೇಳ್ಕಂತೀನಿ” ಎಂದ ಅಜ್ಜ.

“ನಿನ್ ಮಾತು ದೇವ್ರು ಕೇಳ್ತಾನೇನಲೇ? ನಿನ್ ಹೆಂಡ್ತೀನೇ ಕೇಳಲ್ಲ” ಎಂದಳು ಅವನ ಅಕ್ಕ ಪುಟ್ಟಕ್ಕ. ಎಲ್ಲರೂ ನಕ್ಕರು. ಹಲ್ಲು ಬರುವ ಮಕ್ಕಳಿಗೂ ಬಸುರಿಯರಿಗೂ ಚಿಲುಮೆ, ಉಳಿದವರಿಗೆ ನಲ್ಲಿ ಎಂದು ತೀರ್ಮಾನವಾಯಿತು. ಬೇಲಿ ಹಾಕಿ ಸರದಿಯಲ್ಲಿ ಕಾವಲು ಕಾದೆವು.

ಹಳ್ಳ ಸರ್ಕಾರದ್ದು, ಬೇಲಿ ಒತ್ತುವರಿ ಎಂದಿರಿ. ಬೇಲಿ ಒತ್ತುವರಿಯಾದರೆ ಮರಳು ಹೊರುವ ಟ್ರ್ಯಾಕ್ಟರೇನು, ಹರಕೆ ತೀರಿಸಲು ಬಂದ ಭಕ್ತನೇ? ಮರಳು ಹೋಯಿತು, ಈಗ ಬಗೆದರೆ ಬರೀ ಜೇಡಿ ಮಣ್ಣು ಬರುತ್ತದೆ. ಇವತ್ತು ಅಂಜಲಿ ನಲ್ಲಿಯ ನೀರು ಕುಡಿದಳು. ಹಿಡಿದುಕೊಟ್ಟವಳು ನಾನೇ. ಬಾಯಾರಿ ಅಳುವ ಮಗುವಿಗೆ ಬೇರೇನು ಕೊಡಲಿ, ಹೇಳಿ?

ಟ್ರ್ಯಾಕ್ಟರುಗಳನ್ನು ನಿಲ್ಲಿಸಿ. ಹಳ್ಳದ ಆ ತುಂಡನ್ನು ಕಟ್ಟೆಮನೆಯ ಕಾವಲಿಗೆ ಬಿಡಿ. ಮರಳು ಮತ್ತೆ ಕೂಡುವವರೆಗೆ ಒಳ್ಳೆಯ ನೀರು ಕಳಿಸಿ. ಇದು ಯಾವುದೂ ಆಗದಿದ್ದರೆ ನೀವೇ ಒಮ್ಮೆ ಬನ್ನಿ. ನಲ್ಲಿ ತಿರುಗಿಸಿ, ಲೋಟ ತುಂಬಿಸಿ, ಅಂಜಲಿಗೆ ನಿಮ್ಮ ಕೈಯಾರೆ ಕುಡಿಸಿ. ನನ್ನ ಕೈಲಿ ಆಗುತ್ತಿಲ್ಲ.

ಇಂತಿ,
ನಿಮ್ಮ ನಲ್ಲಿಯ ಫಲಾನುಭವಿ,
ಯಶೋದಾ