ಶಹಾಪುರದಲ್ಲಿದ್ದ ಲಕೋಟೆ

ಅಪ್ಪಾ,

ಕಾಗದಗಳು ಸಿಕ್ಕವು. ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ಅಂಕಪಟ್ಟಿಗಳು, ಜಾತಿ ಪ್ರಮಾಣಪತ್ರ, ಹುಟ್ಟಿದ ದಾಖಲೆ, ಮದುವೆ ನೋಂದಣಿ ಪತ್ರ, ಎಲ್ಲವೂ ಅಸಲು. ಒಂದೂ ಹರಿದಿಲ್ಲ, ಒಂದಕ್ಕೂ ಮಡಿಕೆ ಬಿದ್ದಿಲ್ಲ. ಎಲ್ಲಿ ಸಿಕ್ಕವು ಎಂದು ನೀನು ಕೇಳುವುದಿಲ್ಲ ಬಿಡು. ನೀನು ಹೋಗಿ ನಾಲ್ಕು ತಿಂಗಳಾದ ಮೇಲೆ ನನಗೆ ಗೊತ್ತಾದದ್ದು, ಬದುಕಿದ್ದಾಗಲೇ ನಿನಗೆ ಗೊತ್ತಿತ್ತು. ಅದಕ್ಕೇ ಈ ಪತ್ರ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅವ್ವ ಹೇಳುತ್ತಾಳೆ. ಮತ್ತೆ ಯಾರ ಮೇಲೆ ಇಟ್ಟುಕೊಳ್ಳಲಿ?

ನಾನು ಐದನೇ ತರಗತಿಯಲ್ಲಿದ್ದಾಗ ನಿನಗೆ ಬುತ್ತಿ ಕೊಡಲು ತಹಶೀಲ್ದಾರ್ ಕಚೇರಿಗೆ ಬರುತ್ತಿದ್ದೆ. ದಫ್ತರದ ಕೋಣೆಯ ಜವಾನ ನೀನು. ಆದರೆ ಆ ಕೋಣೆಯಲ್ಲಿ ಸಾಹೇಬರಿಗಿಂತ ನಿನ್ನ ಮಾತೇ ನಡೆಯುತ್ತಿತ್ತು. ಒಂದು ದಿನ ದೇವಾಪುರದಿಂದ ಒಬ್ಬ ಮುದುಕಿ ತನ್ನದೊಂದು ಕಾಗದ ವಾಪಸ್ ಕೇಳಲು ಬಂದಿದ್ದಳು. ಕಾಗದ ನಿನ್ನ ಮೇಜಿನ ಮೇಲೇ ಇತ್ತು. "ನಾಳಿಗಿ ಬಾ ಬೇ" ಎಂದೆ. ಆಕೆ ಹೋದ ಮೇಲೆ ನಾನು ಯಾಕೆ ಎಂದು ಕೇಳಿದರೆ ನೀನು ರೊಟ್ಟಿ ಮುರಿಯುತ್ತ ಹೇಳಿದೆ: "ಕಾಗದ ದಫ್ತರದಾಗ ಇದ್ದಷ್ಟು ದಿನ ಮಾತಿಗಿ ಜೀವ ಇರ್ತದ, ಅಂಬು. ಕೈಗಿ ಕೊಟ್ಟಿವಿ ಅಂದ್ರ ಅಲ್ಲಿಗಿ ಮುಗೀತು." ನಮ್ಮಪ್ಪ ಎಷ್ಟು ತಿಳಿದವನು ಅಂದುಕೊಂಡೆ. ಆ ಮುದುಕಿ ಮತ್ತೆ ದೇವಾಪುರದವರೆಗೆ ಹೋಗಿ ನಾಳೆ ಮತ್ತೆ ಬರಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ.

ರಜೆಗೆ ಬಂದಿದ್ದ ಸಂಗಮೇಶನನ್ನು ನನಗೆ ವರನೆಂದು ನೋಡಲು ನೀನು ಶಹಾಪುರಕ್ಕೆ ಹೋಗಿ ಬಂದ ಸಂಜೆ ನೆನಪಿದೆಯೇ? ಚಪ್ಪಲಿ ಬಿಡುವ ಮೊದಲೇ "ಹುಡುಗ ಪರದೇಶದಾಗ ನರ್ಸ್ ಅದಾನ, ದೊಡ್ಡ ದವಾಖಾನಿ" ಎಂದೆ. ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬಸ್ ಸ್ಟ್ಯಾಂಡಿನ ಹೂವಿನವಳಿಂದ ಹಿಡಿದು ನಿಮ್ಮ ಕಚೇರಿಗೆ ಹೊಸದಾಗಿ ಬಂದ ತಹಶೀಲ್ದಾರರವರೆಗೆ ಎಲ್ಲರಿಗೂ ನೀನೇ ಅದನ್ನು ಹೇಳಿ ಮುಗಿಸಿದ್ದೀಯ. ಮದುವೆಯಾಗಿ ಹತ್ತೊಂಬತ್ತು ದಿನಕ್ಕೆ ಅವನು ವಿಮಾನ ಹತ್ತಿದ. ಶಹಾಪುರದಲ್ಲಿ ಎರಡು ತಿಂಗಳು ಇದ್ದು ನಾನು ಸುರಪುರಕ್ಕೆ ಬಂದೆ. ವೀಸಾ ಬರುವವರೆಗೆ ತವರಿನಲ್ಲಿರಲಿ ಎಂದು ಅತ್ತೆಯೇ ಹೇಳಿದ್ದರು. ನೀನು ಅದನ್ನು ಅವರ ದೊಡ್ಡತನ ಎಂದು ತಿಳಿದೆ. ನಾನೂ ಹಾಗೇ ತಿಳಿದೆ, ಸುಳ್ಳೇಕೆ ಹೇಳಲಿ.

ವೀಸಾ ಸಂದರ್ಶನದ ಹಿಂದಿನ ವಾರ ನೀನು ನನ್ನ ಫೈಲು ಕಟ್ಟಿದೆ. ವೀಸಾ ಕಚೇರಿಯವರು ಕೇಳಿದ್ದು ಮೂರೋ ನಾಲ್ಕೋ ಕಾಗದ. ನೀನು ಟ್ರಂಕಿನಲ್ಲಿದ್ದದ್ದನ್ನೆಲ್ಲ ಇಟ್ಟೆ. ಅಂಕಪಟ್ಟಿ ಯಾಕಪ್ಪಾ ಎಂದರೆ, "ಕೇಳಿದಷ್ಟೇ ಕೊಡಬಾರದು. ಹೆಚ್ಚಿಗಿ ಕೊಟ್ರ ಸಾಹೇಬ್ರಿಗಿ ನಂಬಿಕಿ ಬರ್ತದ" ಎಂದೆ. ಅಸಲಿಗೆ ತೂತು ಹಾಕಬಾರದು ಎಂದು ಕಚೇರಿಯ ಹಸಿರು ದಾರವನ್ನು ಅಡ್ಡಲಾಗಿ, ಉದ್ದವಾಗಿ ಸುತ್ತಿ ನಿನ್ನದೇ ಆ ಚಪ್ಪಟೆ ಗಂಟು ಹಾಕಿದೆ. ಕಾಗದ ವಾಪಸ್ ಕಳಿಸುವ ಲಕೋಟೆಯ ಮೇಲೆ ವಿಳಾಸ ಬರೆಯಬೇಕಿತ್ತು. ನಾನು ಸುರಪುರ ಎಂದು ಶುರು ಮಾಡಿದ್ದೆ. ನೀನು ಪೆನ್ನು ಕಿತ್ತುಕೊಂಡೆ.

"ಕೊಟ್ಟ ಮಗಳ ವಿಳಾಸ ತವರಮನಿ ಇರ್ತದೇನ? ನೋಡಿದವ್ರು ಏನಂದಾರು?"

"ನೋಡೋರು ಯಾರಪ್ಪಾ? ಅಂಚೆಯವ ಒಬ್ಬ."

"ಅಂಚೆಯವ ಮಂದಿ ಅಲ್ಲೇನ?"

ಹೊಸ ಲಕೋಟೆ ತರಿಸಿ ಶಹಾಪುರದ ವಿಳಾಸ ಬರೆದೆ. ನಿನ್ನ ದುಂಡು ಅಕ್ಷರ ಚೆನ್ನಾಗಿ ಬಂತೆಂದು ಅವ್ವನಿಗೂ ತೋರಿಸಿದೆ.

ಯಾದಗಿರಿಯಲ್ಲಿ ರೈಲು ಹತ್ತಿ ಚೆನ್ನೈ ಮುಟ್ಟಿದಾಗ ನಿನ್ನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ವೀಸಾ ಕಚೇರಿಯಲ್ಲಿ ನಿನ್ನನ್ನು ಒಳಗೆ ಬಿಡಲಿಲ್ಲ. ರಸ್ತೆಯ ಆಚೆ ಸಜ್ಜಿರೊಟ್ಟಿ, ಶೇಂಗಾಹಿಂಡಿಯ ಚೀಲ ಹಿಡಿದು ನಿಂತೆ. ಒಳಗೆ ಗಾಜಿನ ಹಿಂದಿದ್ದ ಹೆಂಗಸು ಮೆಲ್ಲಗೆ, ಮರ್ಯಾದೆಯಿಂದಲೇ ಕೇಳಿದಳು. ಗಂಡನ ಜೊತೆ ಎಷ್ಟು ದಿನ ಇದ್ದೆ? ಹತ್ತೊಂಬತ್ತು. ಕೊನೆಗೆ ಮಾತಾಡಿದ್ದು ಯಾವಾಗ? ಹೋದ ತಿಂಗಳು. ಅಲ್ಲಿ ಅವನ ಮನೆಯಲ್ಲಿ ಬೇರೆ ಯಾರಿದ್ದಾರೆ? ನನಗೆ ಗೊತ್ತಿರಲಿಲ್ಲ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಏನೋ ಬರೆದುಕೊಂಡಳು. ಫೈಲನ್ನು ಇಡಿಯಾಗಿ ತೆಗೆದುಕೊಂಡು, ಪರಿಶೀಲಿಸಿ ಲಕೋಟೆಯ ವಿಳಾಸಕ್ಕೆ ಕಳಿಸುತ್ತೇವೆ ಎಂದಳು. ಹೊರಗೆ ಬಂದಾಗ ನೀನು ಕೇಳಿದ್ದು ಒಂದೇ ಮಾತು, "ಎಲ್ಲಾ ಅಸಲು ಇಸ್ಕೊಂಡ್ರಾ?" ಹೌದೆಂದೆ. ನಿನಗೆ ಎಷ್ಟು ಸಂತೋಷವಾಯಿತೆಂದರೆ ದಾರಿಯುದ್ದಕ್ಕೂ ಹಲ್ಲು ಕಾಣುತ್ತಿತ್ತು.

ಸಂಕ್ರಾಂತಿಯ ಮರುವಾರ ವೀಸಾ ಇಲ್ಲ ಎಂಬ ಉತ್ತರ ಫೋನಿಗೆ ಬಂತು. ಕರೆಸಿಕೊಳ್ಳಬೇಕಾದ ಗಂಡನೇ ತನ್ನ ಒಪ್ಪಿಗೆ ಹಿಂದಕ್ಕೆ ಪಡೆದಿದ್ದಾನೆ ಎಂದಿತ್ತು. ಕಾಗದಗಳನ್ನು ಕಳಿಸುತ್ತಿದ್ದೇವೆ ಎಂದೂ ಇತ್ತು. ನೀನು ನನ್ನಿಂದ ಮೂರು ಸಲ ಓದಿಸಿ, "ಕೆಲಸದ ಗಡಿಬಿಡ್ಯಾಗ ತಪ್ಪಿ ಬರದಾನ. ಮತ್ತೊಮ್ಮಿ ಹಾಕೂಣು" ಎಂದೆ. ಸಂಗಮೇಶ ಫೋನು ಎತ್ತುವುದನ್ನು ನಿಲ್ಲಿಸಿದ್ದ. ಫೆಬ್ರವರಿ ಹೋಯಿತು, ಶಿವರಾತ್ರಿ ಹೋಯಿತು, ಕಾಗದ ಬರಲಿಲ್ಲ. ಶಹಾಪುರಕ್ಕೆ ಫೋನು ಮಾಡಿ ಕೇಳಲೇ ಎಂದರೆ, "ನಾ ಕೇಳೀನಿ, ಬಂದಿಲ್ಲಂತ. ಆಫೀಸಿನ ಕೆಲಸ ನನಗ ಬಿಡು" ಎಂದೆ. ಬಿಟ್ಟೆ. ಅದು ನನ್ನ ತಪ್ಪು. ಇಪ್ಪತ್ತೊಂಬತ್ತು ವರ್ಷದವಳು, ಬಿ.ಎಡ್. ಮಾಡಿದವಳು, ನನ್ನದೇ ಕಾಗದವನ್ನು ನಾನೇ ಕೇಳಬಹುದಿತ್ತು. ನೀನು ಭಾನುವಾರ ಬಿಟ್ಟು ಭಾನುವಾರ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು, "ಯಾದಗಿರಿಗಿ ಹೋಗಿ ದೊಡ್ಡ ಅಂಚೆ ಕಚೇರ್ಯಾಗ ವಿಚಾರ ಮಾಡ್ಕೊಂಡು ಬರ್ತೀನಿ" ಎನ್ನುತ್ತಿದ್ದೆ. ಭಾನುವಾರ ಯಾವ ಅಂಚೆ ಕಚೇರಿ ತೆರೆದಿರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಯಾಕೆ ಅನ್ನಿಸಲಿಲ್ಲವೋ. ಸುರಪುರದಿಂದ ಯಾದಗಿರಿಗೆ ಹೋಗುವ ಬಸ್ಸು ಶಹಾಪುರದ ಮೇಲೇ ಹೋಗುತ್ತದಲ್ಲ…

ಯುಗಾದಿ ಮುಗಿದ ಮೇಲೆ ಶಿಕ್ಷಕರ ನೇಮಕಾತಿ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಬಿ.ಎಡ್.ನಲ್ಲಿ ನನ್ನ ಪಕ್ಕ ಕೂರುತ್ತಿದ್ದ ರೇಣುಕಾಳ ಹೆಸರು ನನ್ನ ಕೆಳಗಿತ್ತು. ದಾಖಲೆ ಪರಿಶೀಲನೆ ಯಾದಗಿರಿಯಲ್ಲಿ. ನನ್ನ ಬಳಿ ಇದ್ದದ್ದು ಝೆರಾಕ್ಸು. "ಅಸಲು ಎಲ್ಲವ್ವಾ?" ಎಂದು ಅಧಿಕಾರಿ ಕೇಳಿದಾಗ ನೀನು ಮುಂದೆ ಬಂದು ಕೈಮುಗಿದೆ. "ಪರದೇಶದ ಆಫೀಸಿನ್ಯಾಗ ಅವ ಸಾಹೇಬ್ರ. ಇವತ್ತ ನಾಳಿ ಬರ್ತಾವ." ಒಳ್ಳೆಯ ಮನುಷ್ಯ. "ಶನಿವಾರತನ ನಿಮ್ಮ ಹೆಸರು ಹಂಗೇ ಇಡ್ತೀನ್ರಿ. ಅದರ ಮ್ಯಾಲ ನನ್ನ ಕೈಯಾಗಿಲ್ಲ" ಎಂದರು. ಮೆಟ್ಟಿಲಿಳಿಯುವಾಗ ನನಗೆ ಅಳು ತಡೆಯಲಾಗಲಿಲ್ಲ. ನೀನು ಕಬ್ಬಿನ ಹಾಲು ಕೊಡಿಸಿ, ನನ್ನ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದೆ. ಶನಿವಾರ ಬಂತು, ಹೋಯಿತು. ರೇಣುಕಾ ಈಗ ಕೊಂಕಲ್ ಶಾಲೆಯಲ್ಲಿ ಖಾಯಂ ಟೀಚರು.

ಆಷಾಢದ ಒಂದು ಬೆಳಗ್ಗೆ ನೀನು ಚಹಾ ಕುಡಿದು ಕಪ್ಪು ಕೆಳಗಿಟ್ಟವನು ಮೇಲೇಳಲಿಲ್ಲ. ನಾನು ಎಷ್ಟು ಅತ್ತೆ ಎಂದು ಅವ್ವನನ್ನು ಕೇಳು. ನನ್ನ ಕಾಗದಗಳ ಚಿಂತೆಯಲ್ಲೇ ನೀನು ಎದೆಯೊಡೆದು ಹೋದೆ ಎಂದು ಬಂದವರಿಗೆಲ್ಲ ಹೇಳಿದೆ. ನಿನ್ನ ಜೀವ ತಿಂದದ್ದು ನನ್ನ ನಸೀಬು ಎಂದು ನನ್ನನ್ನೇ ಬೈದುಕೊಂಡೆ.

ಆಮೇಲೆ ದೇವಾಪುರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದೆ. ದೀಪಾವಳಿ ಹೊತ್ತಿಗೆ ಹೆಡ್‌ಮಾಸ್ತರರು, "ಒಮ್ಮಿ ಅಸಲು ತೋರಿಸಿಬಿಡ್ರಿ ಟೀಚರ್" ಎಂದರು. ಕೇಳುವವನು ನೀನಿರಲಿಲ್ಲ, ಹಾಗಾಗಿ ವೀಸಾ ಕಚೇರಿಗೆ ನಾನೇ ನಾಲ್ಕು ಸಾಲು ಬರೆದೆ. ಮೂರನೇ ದಿನಕ್ಕೆ ಉತ್ತರ. ಕಾಗದ ಫೆಬ್ರವರಿಯಲ್ಲೇ ಮುಟ್ಟಿದೆ, ಶಹಾಪುರದಲ್ಲಿ ಇಂಥವರು ಸಹಿ ಹಾಕಿ ತೆಗೆದುಕೊಂಡಿದ್ದಾರೆ. ಸಹಿ ಅತ್ತೆಯದು. ಬೈಗುಳಗಳನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡೇ ಮರುದಿನ ಶಹಾಪುರದ ಬಸ್ಸು ಹತ್ತಿದೆ.

ಅತ್ತೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ನೋಡಿ ಮೊರ ಬದಿಗಿಟ್ಟರು. ಚಪ್ಪಲಿ ಬಿಡುವ ಮೊದಲೇ ನಾನು ಶುರು ಮಾಡಿದೆ.

"ನನ್ನ ಕಾಗದ ಮುಚ್ಚಿ ಇಟ್ಕೊಂಡು ನನ್ನ ನೌಕರಿ ಕಳದ್ರಿ. ನಿಮಗೇನ್ ಸಿಕ್ತು ಅತ್ತಿ?"

"ನಾನ್ಯಾಕ ಮುಚ್ಚಿಡಲಿ ಬೇ? ಬಂದ ದಿನಾನೇ ನಿಮ್ಮಪ್ಪಗ ಫೋನ್ ಹಚ್ಚೀನಿ. ಬಂದಾನ, ನೋಡ್ಯಾನ, ಹೋಗ್ಯಾನ. ಒಂದ್ಸಲ ಅಲ್ಲ, ನಾಕೈದು ಸಲ."

ನಾನು ಅಲ್ಲೇ ಕುಳಿತೆ.

"ತಗೊಂಡು ಹೋಗ್ರಿ ಅಂತ ಕೈಯಾಗೇ ಕೊಟ್ಟೀನಿ. ಸಂಗ್ಯಾ ಅಲ್ಲಿ ಮತ್ತೊಬ್ಬಾಕಿ ಜೋಡಿ ಮನಿ ಮಾಡ್ಯಾನ, ಮಗಳ ದಾರಿ ನೋಡ್ಕೋರಿ ಅಂತನೂ ಹೇಳೀನಿ. ಹೆತ್ತಾಕಿ ನಾ, ಹೇಳಾಕ ನನಗೇನ್ ಹಿಗ್ಗಿತ್ತೇನ? ನಿಮ್ಮಪ್ಪ ಕೇಳಬೇಕಲ್ಲ. 'ಇಲ್ಲೇ ಇರ್ಲಿ ಬೀಗ್ತಿ. ಕಾಗದ ಈ ಮನ್ಯಾಗ ಇರೂತನ ಆಕಿ ಈ ಮನಿ ಸೊಸಿ. ಒಯ್ದೆ ಅಂದ್ರ ಮುಗೀತು. ಆಕಿಗಿ ಹೇಳಬ್ಯಾಡ್ರಿ' ಅಂದ. ಯಾದಗಿರ್ಯಾಗ ಏನೋ ನೌಕರಿದು ಅಂತ ಒಂದು ಶುಕ್ರವಾರ ಬಂದಿದ್ದ. ಲಕೋಟಿ ತೊಡಿ ಮ್ಯಾಲ ಇಟ್ಕೊಂಡು ಚಹಾ ಆರೂತನ ಕುಂತ. ಆಮ್ಯಾಲ ಜಗಲಿ ಮ್ಯಾಲ ಇಟ್ಟು ಎದ್ದು ಹೋದ."

ಆಕೆ ಒಳಗೆ ಹೋಗಿ ದೇವರ ಜಗಲಿಯಿಂದ ಲಕೋಟೆ ತಂದುಕೊಟ್ಟರು. ಮೇಲೆ ವಿಭೂತಿಯ ಪುಡಿ ಬಿದ್ದಿತ್ತು. "ಹೋದ ಮನುಷ್ಯಾ, ಬೈಬ್ಯಾಡ" ಎಂದರು. ನಾನು ಬೈಯಲು ಬಂದದ್ದು ಅವರನ್ನು, ಅಪ್ಪಾ. ಅವರ ಕಾಲಿಗೆ ಬಿದ್ದು ಹೊರಗೆ ಬಂದೆ.

ವಾಪಸ್ ಬಸ್ಸಿನಲ್ಲಿ ಲಕೋಟೆ ಬಿಚ್ಚಿದೆ. ಚೆನ್ನೈಯವರು ನಿನ್ನ ಹಸಿರು ದಾರ ತೆಗೆದು ಬರೀ ಕ್ಲಿಪ್ಪು ಹಾಕಿದ್ದರೆಂದು ತೋರುತ್ತದೆ, ಕ್ಲಿಪ್ಪು ಲಕೋಟೆಯ ತಳದಲ್ಲಿ ಬಿದ್ದಿತ್ತು. ಕಾಗದಗಳ ಮೇಲೆ ಹೊಸ ಹಸಿರು ದಾರವಿತ್ತು, ಅದೇ ಚಪ್ಪಟೆ ಗಂಟು. ಎಸ್ಸೆಸ್ಸೆಲ್ಸಿ ಮೇಲೆ, ಪಿಯುಸಿ ಕೆಳಗೆ, ಹೀಗೆ ನೀನು ವರ್ಷದ ಪ್ರಕಾರ ಜೋಡಿಸಿದ್ದೆ. ಜೋಡಿಸಲು ಕೈ ಬಂತು, ತರಲು ಬರಲಿಲ್ಲವೇ? ಆ ಶುಕ್ರವಾರ ನೀನು ಅದನ್ನು ಎತ್ತಿಕೊಂಡು ಬಸ್ಸು ಹತ್ತಿದ್ದರೆ ಶನಿವಾರ ನಾನು ಆ ಅಧಿಕಾರಿಯ ಮುಂದೆ… ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಪರದೇಶದವರು ಕೊಟ್ಟರು, ಬೀಗತಿ ಕೊಟ್ಟಳು, ನೀನು ಕೊಡಲಿಲ್ಲ. ನನ್ನ ಕಣ್ಣು ಒರೆಸಿದ ನೀನು!

ಗಂಡ ಬಿಟ್ಟವಳ ಅಪ್ಪ ಎನ್ನಿಸಿಕೊಳ್ಳುವುದಕ್ಕಿಂತ ನೌಕರಿಯಿಲ್ಲದ ಸೊಸೆಯ ಅಪ್ಪ ಎನ್ನಿಸಿಕೊಳ್ಳುವುದು ನಿನಗೆ ಸಲೀಸಾಯಿತೇ? ಅಥವಾ ನನಗಾಗಿಯೇ ಮಾಡಿದೆ ಎಂದು ನಿಜವಾಗಿ ನಂಬಿದ್ದೆಯಾ? ಅದೇ ನನ್ನನ್ನು ಹೆಚ್ಚು ಕೊರೆಯುತ್ತದೆ. ನೀನು ಸಾಯುವ ಹಿಂದಿನ ಸಂಜೆ, "ನಾಳಿಗಿ ಯಾದಗಿರಿಗಿ ಹೋಗಿ ಬರ್ತೀನಿ" ಎಂದಿದ್ದೆ. ತರಲು ಹೊರಟಿದ್ದೆಯೋ, ಗಂಟು ಸಡಿಲಾಗಿದೆಯೋ ನೋಡಲು ಹೊರಟಿದ್ದೆಯೋ? ತರಲಿಕ್ಕೇ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಮರುಕ್ಷಣ ಸಿಟ್ಟು ನೆತ್ತಿಗೇರುತ್ತದೆ. ನಿನ್ನ ಫೋಟೋಕ್ಕೆ ಹದಿನೈದು ದಿನ ಹೂವು ಹಾಕಲಿಲ್ಲ. ಅವ್ವನೇ ಹಾಕಿದಳು.

ಹೆಡ್‌ಮಾಸ್ತರರಿಗೆ ಅಸಲು ತೋರಿಸಿದೆ. ಎರಡು ನಿಮಿಷ ನೋಡಿ ಅಲ್ಲೇ ವಾಪಸ್ ಕೊಟ್ಟರು. ಮುಂದಿನ ನೇಮಕಾತಿ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ, ಕರೆದರೆ ಹೋಗುತ್ತೇನೆ, ಒಬ್ಬಳೇ.

ಇನ್ನೊಂದು ಸುದ್ದಿ ಇದೆ. ನಿನಗೆ ಇದು ಹಿಡಿಸುವುದಿಲ್ಲ. ಮೊನ್ನೆ ಗುರುವಾರ ಸುರಪುರದ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದೆ. ಅವ್ವ ಜೊತೆಗೆ ಬಂದಿದ್ದಳು, ಕಟ್ಟೆಯ ಮೇಲೆ ಕುಳಿತು ನನ್ನ ಚೀಲ ಕಾಯ್ದಳು. ಮದುವೆ ನೋಂದಣಿಯ ಅಸಲು ಬೇಕೆಂದರು. ಹಸಿರು ದಾರ ಬಿಚ್ಚಿ ಅದೊಂದನ್ನು ತೆಗೆದುಕೊಟ್ಟೆ. ನಿನ್ನ ವಯಸ್ಸಿನ ಗುಮಾಸ್ತರು ಅದನ್ನು ಫೈಲಿಗೆ ಸೇರಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಹೇಳಿದರು: "ಕೇಸು ಮುಗದ ಮ್ಯಾಲ ಒಂದು ಅರ್ಜಿ ಕೊಡ್ರಿ ತಂಗಿ, ಅಸಲು ವಾಪಸ್ ಕೊಡ್ತೀವಿ."

"ಬ್ಯಾಡ್ರಿ" ಎಂದೆ. "ಇದೊಂದು ನನಗ ವಾಪಸ್ ಬ್ಯಾಡ."

ನಿನ್ನ ಮಗಳು
ಅಂಬಿಕಾ