ಗಾಡಿ ತೆಗೆಯುವ

ಮೇ 12

ಚಹಾ, ಪೇಪರು, ಬಿ.ಪಿ. ಮಾತ್ರೆ. ಪೇಪರು ಓದಿದ ಮೇಲೆಯೇ ಮಾತ್ರೆ – ಕ್ರಮ ಸರಿಯಾಗಿಯೇ ಉಂಟು.

ಕಂಪೌಂಡಿನ ಬಲಬದಿ ಕಳೆದ ಮಳೆಗೆ ಜರಿದದ್ದು ಹಾಗೆಯೇ ಬಿದ್ದಿದೆ. ಕೆಂಪು ಮಣ್ಣಿನ ಜಾರು, ನೇರ ಕೆಳಗಿನ ರಸ್ತೆಗೆ. "ಈ ಮಳೆಗಾದ್ರೂ ಗೋಡೆ ಕಟ್ಟಿಸ್ತೀರಾ?" – ಹೆಂಡತಿ ವಾರಿಜಾಕ್ಷಿ. "ಮನುಷ್ಯರ ನಡುವಿನ ಗೋಡೆ ಬೀಳಬೇಕು ಅಂತ ಮೊನ್ನೆಯಷ್ಟೇ ಭಾಷಣ ಮಾಡಿ ಬಂದೆ. ಈಗ ಕಟ್ಟಿಸಿದ್ರೆ ಮೂಡುಬಿದಿರೆಯ ಜನ ಏನು ಹೇಳ್ಲಿಕ್ಕಿಲ್ಲ?" ಎಂದೆ. ನಗಲಿಲ್ಲ. ಇತ್ತೀಚೆಗೆ ನಗುವುದಿಲ್ಲ. ಊರೆಲ್ಲ ನಗಿಸುವವನ ಮನೆಯಲ್ಲಿ ನಗುವಿಗೆ ಬರ.

ಮಧ್ಯಾಹ್ನ ಅವಳಿಗೆ ಆಫೀಸಿನಿಂದ ಫೋನು. ಬಡ್ತಿ. ಹೆಡ್‌ಮಿಸ್ಟ್ರೆಸ್. ಚಾರ್ಮಾಡಿಯಿಂದ ಒಳಗೆ, ಘಟ್ಟದ ಬುಡದ ಸರಕಾರಿ ಶಾಲೆ. ಕೊನೆಯ ಮೂರು ಕಿಲೋಮೀಟರು ಮಣ್ಣು ರಸ್ತೆ, ಮಧ್ಯೆ ಎರಡು ಹಳ್ಳ. ಜೂನ್ ಮುಗಿಯುವುದರೊಳಗೆ ಸೇರಬೇಕು. ಇಲ್ಲವಾದರೆ ಬೇಡ ಎಂದು ಬರೆದುಕೊಡಬೇಕು. ಬರೆದುಕೊಟ್ಟರೆ ನಿವೃತ್ತಿಯವರೆಗೂ ಸಹಶಿಕ್ಷಕಿ, ಅಷ್ಟೇ.

ಬಡ್ತಿ ಬಂದದ್ದು ಅವಳಿಗೆ. ಬಡಿದದ್ದು ನನಗೆ.

ಸಂಜೆಯೊಳಗೆ ಅವಳ ಲೆಕ್ಕಾಚಾರವೆಲ್ಲ ಮುಗಿದಿತ್ತು. ವಾರವಿಡೀ ಮುಂಡಾಜೆಯ ಚಿಕ್ಕಮ್ಮನ ಮನೆ. ಶನಿವಾರ ಮಧ್ಯಾಹ್ನ ಇಲ್ಲಿಗೆ. ಸೋಮವಾರ ಬೆಳಗಾಗುವಾಗ ಪುನಃ ಅಲ್ಲಿಗೆ. "ಬೆಳ್ತಂಗಡಿಯ ಹಸೈನಾರ್ ಅವರ ಫೋರ್ ವೀಲ್ ಗಾಡಿ ಕೊಡ್ಲಿಕ್ಕುಂಟಂತೆ. ಹಳೆಯದಾದ್ರೆ ಆಯ್ತು. ನಮ್ಮ ಸಣ್ಣ ಕಾರು ಆ ಹಳ್ಳ ದಾಟ್ಲಿಕ್ಕಿಲ್ಲ. ಗಾಡಿ ತೆಗೆಯುವ, ಆಗದಾ?"

"ಎಲ್ಲಿಂದ ತೆಗೆಯುವುದು?" ಎಂದೆ.

ನಮ್ಮ ಕಡೆ ಗಾಡಿ ತೆಗೆಯುವುದೆಂದರೆ ಕೊಳ್ಳುವುದೂ ಹೌದು, ದಾರಿಯಿಂದ ಸರಿಸುವುದೂ ಹೌದು. ಒಂದೇ ಕ್ರಿಯಾಪದದಲ್ಲಿ ಗಾಡಿ ಬರ್ತದೆ, ಹೋಗ್ತದೆ. ಇದನ್ನು ವಿವರಿಸಲು ಹೊರಟೆ. ಅವಳು ಎದ್ದು ಕುಕ್ಕರಿನ ಕಡೆ ಹೋದಳು.

ಮೇ 14

ಕಾಲೇಜು. ಮೌಲ್ಯಮಾಪನ. ಮೂರು ವರ್ಷ 'ಪ್ರಭಾರ' ಪ್ರಾಂಶುಪಾಲನಾಗಿದ್ದವನು ನಾನು. ಪ್ರಭೆ ಬೇರೆಯವರದು, ಭಾರ ಮಾತ್ರ ನನ್ನದು. ಕಾಯಂ ಮಾಡುವ ಹೊತ್ತಿಗೆ ನನ್ನ ಶಿಷ್ಯನೇ ಬಂದು ಕುರ್ಚಿಯಲ್ಲಿ ಕುಳಿತ. ಈಗ ಹೋದಾಗಲೆಲ್ಲ "ಕೂತ್ಕೊಳ್ಳಿ ಸರ್" ಎನ್ನುತ್ತಾನೆ – ಎದುರಿನ ಕುರ್ಚಿ ತೋರಿಸಿ.

ಇನ್ನು ಮನೆಯಲ್ಲೂ ಹೆಡ್ ಅವಳೇ. ನಾನು ಹೆಡ್ಡ.

(ಇದು ಚೆನ್ನಾಗಿದೆ. ಎಲ್ಲಾದರೂ ಬಳಸಬೇಕು.)

ಮೇ 18, ಭಾನುವಾರ

ಬೆಳ್ತಂಗಡಿ. ಇಬ್ಬರೂ ಹೋದೆವು, ಇಲಿಯಲ್ಲಿ. ಇಲಿ ಅಂದರೆ ನಮ್ಮ ಸಣ್ಣ ಕಾರು. ನನ್ನ ಹೆಸರು ಗಜಾನನ, ಗಜಾನನನ ವಾಹನ ಇನ್ನೇನಾಗ್ತದೆ ಎಂದು ವಾರಿಜ ಇಟ್ಟ ಹೆಸರು. ಆಗ ಅವಳೂ ಶ್ಲೇಷೆ ಮಾಡುತ್ತಿದ್ದಳು.

ಹಸೈನಾರ್ ಅಂಗಳದಲ್ಲೇ ಕಾಯುತ್ತಿದ್ದರು. "ಬನ್ನಿ ಮಾಷ್ಟ್ರೇ. ಟೀಚರೇ ಬನ್ನಿ. ಕೊಕ್ಕಡದ ನನ್ನ ರಬ್ಬರ್ ತೋಟದಲ್ಲಿ ಇದು ಹತ್ತದ ಗುಡ್ಡೆ ಇಲ್ಲ. ಈಗ ಮೊಣಗಂಟು ಕೇಳುವುದಿಲ್ಲ, ಕ್ಲಚ್ ಒತ್ತಿದ್ರೆ ನಕ್ಷತ್ರ ಕಾಣ್ತದೆ. ಮಗ ಝಿಯಾದ್ ದುಬೈಯಿಂದ ಬಂದವ ಆಟೋಮ್ಯಾಟಿಕ್ ತೆಗೆದುಕೊಟ್ಟಿದ್ದಾನೆ. ಅದಕ್ಕೆ ಎಡಗಾಲೇ ಬೇಡ ಮಾರಾಯ್ರೆ!"

ಗಾಡಿ ದೊಡ್ಡದು, ಬಿಳಿ, ಹದಿನೈದು ವರ್ಷದ ಪ್ರಾಯ. ಹತ್ತುವುದಕ್ಕೆ ಮೆಟ್ಟಿಲು. ವಾರಿಜ ಸೀರೆ ಎತ್ತಿಕೊಂಡು ಒಂದೇ ಏಟಿಗೆ ಹತ್ತಿ ಸ್ಟೇರಿಂಗ್ ಹಿಡಿದು ಕುಳಿತಳು. ಮುಖ ನೋಡಿದೆ. ಮದುವೆಯ ಆಲ್ಬಮಿನಲ್ಲೂ ಆ ಮುಖ ಇಲ್ಲ.

ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್. ಅದೇ ಫೋರ್ ವೀಲ್ – ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತದೆ. ನಾನು ಎಳೆದೆ, ಬರಲಿಲ್ಲ. ಹಸೈನಾರ್: "ಎರಡು ವರ್ಷದಿಂದ ಮುಟ್ಟಿಲ್ಲ ಅಲ್ವಾ, ಅದಕ್ಕೆ ಕೋಪ. ದಿನಾ ಒಮ್ಮೆ ಹಾಕಿ ತೆಗೆದು ಮಾಡಿದ್ರೆ ಸಡಿಲ ಆಗ್ತದೆ."

"ಈ ಪ್ರಾಯದ ಘಟ್ಟದಲ್ಲಿ ಚಾರ್ಮಾಡಿ ಘಟ್ಟ ಬೇಕಾ ಅಂತ ನಮ್ಮ ಯೋಚನೆ" ಎಂದೆ. ಹಸೈನಾರ್ ಹೊಟ್ಟೆ ಹಿಡಿದು ನಕ್ಕರು. ವಾರಿಜ ಮಾತ್ರ ಲಿವರನ್ನೇ ನೋಡುತ್ತಿದ್ದಳು.

ಮೇ 25

ಪುನಃ ಬೆಳ್ತಂಗಡಿ, ನಾನೊಬ್ಬನೇ. ಟಯರು ಒದ್ದು ನೋಡಿದೆ. ಡಿಕ್ಕಿ ತೆರೆದೆ, ಮುಚ್ಚಿದೆ. ಹಸೈನಾರ್ ಎರಡನೆಯ ಸಲ ಸುಲೈಮಾನಿ ಚಹಾ ಕೊಟ್ಟು ಹೇಳಿದರು – "ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಹೆಣ್ಣು ನೋಡ್ಲಿಕ್ಕೂ ಜನ ಇಷ್ಟು ಸಲ ಬರುವುದಿಲ್ಲ. ಟೀಚರಿಗೆ ಒಂದೇ ನೋಟಕ್ಕೆ ಒಪ್ಪಿಗೆ ಆಗಿದೆ. ನಿಮ್ಮದೇ ಜಾತಕ ಕೂಡುವುದಿಲ್ಲ."

ಮೈಲೇಜು ಎಷ್ಟು ಎಂದೆ. "ಅದನ್ನು ಕೇಳುವವರು ಇದನ್ನು ತೆಗೀಲಿಕ್ಕಿಲ್ಲ" ಎಂದರು. ನಗುತ್ತಲೇ.

ಜೂನ್ 2

ಬಂಟ್ವಾಳ. ಅಬ್ದುಲ್ ಶುಕೂರನ ಗ್ಯಾರೇಜು. ಹಸೈನಾರ್ ಗಾಡಿ ಕಳಿಸಿದ್ದರು. ವಾರಿಜಳಿಗೆ ಶಾಲೆ, ಬರಲಾಗಲಿಲ್ಲ. ಶುಕೂರ್ ಗಾಡಿಯ ಅಡಿಗೆ ಹೋಗಿ ಟಾರ್ಚ್ ಹಾಕಿ ನೋಡಿದ. ಹತ್ತಿಸಿದ, ಇಳಿಸಿದ, ಬಾನೆಟ್ಟಿಗೆ ಕಿವಿ ಇಟ್ಟ. "ಏನೂ ಇಲ್ಲ ಸಾರ್. ಚಾಸಿ ಗಟ್ಟಿ ಉಂಟು. ತುಕ್ಕು ಹುಡುಕಿದ್ರೂ ಸಿಗುವುದಿಲ್ಲ. ಕಣ್ಣು ಮುಚ್ಚಿ ತೆಗೀರಿ."

ಕಣ್ಣು ಮುಚ್ಚಿದೆ. ಕಂಡದ್ದು: ಸೋಮವಾರ ಬೆಳಿಗ್ಗೆ ಖಾಲಿ ಮನೆ. ಒಬ್ಬನಿಗೇ ಕುಕ್ಕರು. ಒಬ್ಬನಿಗೇ ಎಷ್ಟು ವಿಸಿಲು? ಬೀದಿಯಲ್ಲಿ ಯಾರೋ – "ಹೆಡ್‌ಮಿಸ್ಟ್ರೆಸ್ಸರ ಗಂಡ ಅಲ್ವಾ?"

ಸಂಜೆ ಅವಳು ಕೇಳಿದಳು. ನಾನು ಹೇಳಿದೆ – ಚಾಸಿಗೆ ತುಕ್ಕು. ಒಳಗಿನಿಂದ ತಿಂದು ಹಾಕಿದೆಯಂತೆ. ಹಳ್ಳದಲ್ಲಿ ಎರಡು ತುಂಡಾದರೂ ಆಶ್ಚರ್ಯ ಇಲ್ಲ ಎಂದ ಶುಕೂರ್.

ಇಷ್ಟು ಸಲೀಸಾಗಿ ಬಂತು ಮಾತು. ಒಂದು ಶ್ಲೇಷೆಯೂ ಬೇಕಾಗಲಿಲ್ಲ.

ಜೂನ್ 3

"ಶುಕೂರ್ ಹಾಗೆ ಹೇಳಿದ್ನಾ?" – ಒಮ್ಮೆ ಮಾತ್ರ ಕೇಳಿದಳು. ಹೌದೆಂದೆ. "ಹಾಗಾದ್ರೆ ಬಿಡಿ. ಇಷ್ಟು ಬೇಗ ಬೇರೆ ಎಲ್ಲಿ ಹುಡುಕುವುದು. ಬೇಡ ಅಂತ ಬರೆದುಕೊಡ್ತೇನೆ. ಜೂನ್ ಕೊನೆಯ ವಾರ ಕೊಟ್ರೆ ಸಾಕು."

ನೀರುದೋಸೆ, ಬೆಲ್ಲ ಕಾಯಿ. ದೋಸೆ ಎಂದಿನಂತೆ ತೆಳ್ಳಗೆ. ತಿಂದೆ. ಗೆದ್ದವನು ತಿನ್ನುವ ಹಾಗೆ ಆರು ತಿಂದೆ. ಬೆಲ್ಲವೂ ಕಹಿ ಎಂದು ಬರೆದರೆ ಕವಿತೆ ಆಗಿಬಿಡ್ತದೆ. ಬೆಲ್ಲ ಸಿಹಿಯೇ ಇತ್ತು. ಅದೇ ಕಷ್ಟ.

ಜೂನ್ 14

ಬಿ.ಸಿ. ರೋಡಿನಲ್ಲಿ ನಗೆಹಬ್ಬ. ಹೊರಗೆ ಮಳೆ, ಒಳಗೆ ಹೌಸ್‌ಫುಲ್. ವಾರಿಜ ಬರಲಿಲ್ಲ, ತಲೆನೋವಂತೆ. ಮೊದಲೆಲ್ಲ ಎದುರಿನ ಸಾಲಿನಲ್ಲೇ ಕುಳಿತು, ಅವಳ ಮೇಲಿನ ಜೋಕಿಗೆ ಅವಳೇ ಮೊದಲು ನಗುತ್ತಿದ್ದಳು.

ಹೊಸದನ್ನೇ ಬಿಟ್ಟೆ. "ಹೆಂಡತಿಗೆ ಬಡ್ತಿ ಸಿಕ್ಕಿತು. ಈಗ ಮನೆಯಲ್ಲಿ ಇಬ್ಬರೇ – ಒಂದು ಹೆಡ್, ಒಂದು ಹೆಡ್ಡ." ಚಪ್ಪಾಳೆ. "ಜೀಪು ತೆಗೆದುಕೊಡಿ ಎಂದಳು. ಜಿಪುಣನ ಹತ್ತಿರ ಜೀಪು ಕೇಳುವುದಾ? ಆದರೂ ಹಳೆಯದೊಂದನ್ನು ಗ್ಯಾರೇಜಿಗೆ ತೋರಿಸಿದೆ. ಮೆಕ್ಯಾನಿಕ್ ಅಡಿಗೆ ಹೋಗಿ ನೋಡಿದ, ಹೊರಗೆ ಬಂದ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೇಳಿದ – ಸಾರ್, ಗಾಡಿಗೆ ಚೂರೂ ತುಕ್ಕಿಲ್ಲ. ಯಜಮಾನರನ್ನು ಒಮ್ಮೆ ಟಿಂಕರಿಂಗಿಗೆ ಬಿಡಿ!"

ಹಾಲ್ ಬಿದ್ದು ಹೋಗುವಷ್ಟು ನಗು. ಹಿಂದಿನ ಸಾಲಿನ ಒಬ್ಬರು ಕಣ್ಣೊರೆಸಿಕೊಂಡರು. ಹತ್ತು ವರ್ಷದಲ್ಲಿ ನನ್ನ ಅತ್ಯುತ್ತಮ ಸಂಜೆ. ಶಾಲು, ಹಣ್ಣಿನ ಬುಟ್ಟಿ.

ಜೂನ್ 17

ಶ್ರಾವ್ಯಾಳ ಫೋನು. ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಕಾಲು ಮುರಿದವರನ್ನು ನಡೆಸುವ ವಿದ್ಯೆ. ಅಪ್ಪನನ್ನು ನಡೆಸುವ ವಿದ್ಯೆ ಅದರಲ್ಲಿಲ್ಲ.

"ಅಪ್ಪ, ನಿಮ್ಮ ವಿಡಿಯೋ ಎಲ್ಲಾ ಗ್ರೂಪಲ್ಲೂ ಉಂಟು. ಅಮ್ಮನ ಸ್ಟಾಫ್ ಗ್ರೂಪಿಗೂ ಯಾರೋ ಹಾಕಿದ್ದಾರೆ."

"ಚೆನ್ನಾಗಿದೆಯಾ?"

"ಚಾಸಿಗೆ ತುಕ್ಕು ಅಂತ ಹೇಳಿದ್ರಂತೆ ನೀವು ಅಮ್ಮನ ಹತ್ರ. ಅದಕ್ಕೇ ಬೇಡ ಅಂತ ಬರೆದುಕೊಡ್ಲಿಕ್ಕೆ ಹೊರಟದ್ದಲ್ವಾ ಅವರು? ವಿಡಿಯೋದಲ್ಲಿ ಚೂರೂ ತುಕ್ಕಿಲ್ಲ ಅಂತೀರಿ. ಯಾವುದಪ್ಪಾ ಜೋಕು?"

ಲೈನ್ ಸರಿಯಿಲ್ಲ, ಕೇಳುವುದಿಲ್ಲ ಎಂದೆ. ಲೈನ್ ಸರಿಯಾಗಿಯೇ ಇತ್ತು.

ಈಗ ಕುಳಿತು ಯೋಚಿಸಿದರೆ – ತುಕ್ಕು ಉಂಟು ಎಂದರೆ ಆ ಜೋಕು ನಿಲ್ಲುವುದಿಲ್ಲ. ಬಿದ್ದು ಹೋಗ್ತದೆ. ಮನೆಗೆ ಸುಳ್ಳು ಸಾಕಿತ್ತು. ಜೋಕಿಗೆ ಸತ್ಯವೇ ಬೇಕಿತ್ತು. ಜೋಕನ್ನೇ ಆರಿಸಿಕೊಂಡೆ, ಗೊತ್ತೇ ಆಗದೆ.

ವಾರಿಜ ಊಟಕ್ಕೆ ಕರೆದಳು. ಬಡಿಸಿದಳು. ಉಪ್ಪು ಸರಿಯಾಗಿತ್ತು. ಜಗಳಕ್ಕೆ ಒಂದು ಎಳೆಯೂ ಸಿಗದ ಹಾಗೆ ಎಲ್ಲವೂ ಸರಿಯಾಗಿತ್ತು.

ಜೂನ್ 21

ಬೆಳಿಗ್ಗೆ ಕಾಲೇಜಿಗೆ ಬಸ್ಸಿನಲ್ಲಿ ಹೋದೆ. ಹೋಗುವಾಗ ಹೇಳಿದ್ದೆ – ಗೋಡೆಗೆ ಕಲ್ಲು ತರುವ ಟೆಂಪೋ ಬರ್ತದೆ, ಗೇಟಿಗೆ ಅಡ್ಡ ಇಲಿ ಉಂಟು, ತೆಗೆದಿಡು. (ಹೌದು, ಗೋಡೆ ಕಟ್ಟಿಸಲು ಹೊರಟಿದ್ದೆ. ಪ್ರಾಯಶ್ಚಿತ್ತಕ್ಕೆ ಕೆಂಪುಕಲ್ಲೇ ಅಗ್ಗ.) ಟೆಂಪೋದವ ಮಳೆ ಎಂದು ಬರಲೇ ಇಲ್ಲ, ಅದು ಬೇರೆ.

ಮಧ್ಯಾಹ್ನ ಅವಳ ಮೆಸೇಜು: "ಗಾಡಿ ತೆಗೆದೆ."

ಹೆಬ್ಬೆರಳು ಹಾಕಿದೆ. ಕೆಳಗೆ ಬರೆದೆ: "ಒಳ್ಳೆಯದಾಯ್ತು. ದಾರಿಗೆ ಅಡ್ಡ ಇತ್ತು."

ಸಂಜೆ ಬಂದರೆ ಇಲಿ ಗೇಟಿನಲ್ಲೇ ಇದೆ. ಅದರ ಹಿಂದೆ ರಸ್ತೆಯಲ್ಲಿ ಹಸೈನಾರ್ ಅವರ ಬಿಳಿ ಗಾಡಿ. ಅಲ್ಲ – ವಾರಿಜಾಕ್ಷಿಯ ಬಿಳಿ ಗಾಡಿ. ಅವಳ ಹಣ, ಅವಳ ಸಹಿ. ಸೀಟಿನಲ್ಲಿ ಕುಳಿತೇ ಹೇಳಿದಳು, "ನಿಮ್ಮ ಮೆಸೇಜು ನೋಡಿದೆ. ದಾರಿಗೆ ಅಡ್ಡ ಇತ್ತು ಅಂದ್ರಿ. ನಿಜ."

ಇದು ಶ್ಲೇಷೆಯೋ ಅಲ್ಲವೋ ತಿಳಿಯಲಿಲ್ಲ. ಇಲಿಯನ್ನು ತೆಗೆದೆ, ಗಾಡಿ ಒಳಗೆ ಬಂತು.

ಜೂನ್ 22

ಹಸೈನಾರ್ ಅವರಿಗೆ ಫೋನು ಮಾಡಿದೆ. ನನಗೊಂದು ಮಾತು ಹೇಳಬಹುದಿತ್ತು ಎಂದೆ.

"ಹೇಳ್ಲಿಕ್ಕೆ ಏನುಂಟು ಮಾಷ್ಟ್ರೇ? ಟೀಚರ್ ಬಂದ್ರು, ಬೀಗದಕೈ ಕೇಳಿದ್ರು. ಮೂರು ಸಂಜೆ ಕಲಿಸಿದೆ ಲಿವರ್ ಹಾಕ್ಲಿಕ್ಕೆ. ಈಗ ಬೆಣ್ಣೆ ಹಾಗೆ ಬೀಳ್ತದೆ." ಮತ್ತೆ, "ನಿಮ್ಮ ವಿಡಿಯೋ ನಾನೂ ನೋಡಿದೆ. ಒಳ್ಳೆದುಂಟು. ಆದ್ರೆ ನಗು ಬರ್ಲಿಲ್ಲ."

ಮೂರು ಸಂಜೆ. ಸ್ಟಾಫ್ ಮೀಟಿಂಗ್ ಎಂದು ಹೇಳಿ ತಡವಾಗಿ ಬಂದ ಮೂರು ಸಂಜೆ. ಅವಳಿಗೂ ಸುಳ್ಳು ಬರ್ತದೆ ಹಾಗಾದರೆ. ನನ್ನಿಂದಲೇ ಕಲಿತದ್ದು ಇರಬೇಕು. ಮೇಷ್ಟ್ರಿಗೆ ಹೆಮ್ಮೆ ಆಗಬೇಕಿತ್ತು.

ಜೂನ್ 29, ಭಾನುವಾರ

ಅವಳ ಎರಡು ಬ್ಯಾಗು ಗಾಡಿಯಲ್ಲಿ. ಒಂದು ಹಾಸಿಗೆ ಸುರುಳಿ. ಉಪ್ಪಿನಕಾಯಿ ಭರಣಿ ಒಂದೇ ಇತ್ತು, ಅರ್ಧ ನನಗೆ ಬೇರೆ ಬಾಟ್ಲಿಗೆ ಹಾಕಿಟ್ಟಿದ್ದಾಳೆ. ಅಳತೆ ತಪ್ಪಲಿಲ್ಲ.

"ಶನಿವಾರ ಬರ್ತಿಯಲ್ವಾ?" ಎಂದೆ.

"ಮಳೆ ನೋಡಿ" ಎಂದಳು.

ಸಂಜೆ ಇಲಿಯನ್ನು ಪೇಟೆಗೆ ಕೊಂಡುಹೋದೆ, ಏನೂ ತರಲಿಕ್ಕಿರಲಿಲ್ಲ. ಬಂದು ಅವಳ ಗಾಡಿಯ ಹಿಂದೆ, ಗೇಟಿಗೆ ಸರಿಯಾಗಿ ಅಡ್ಡ ನಿಲ್ಲಿಸಿದೆ. ಬೀಗದಕೈ ಗೋಡೆಯ ಮೊಳೆಗೆ ಹಾಕುವುದು ಅಭ್ಯಾಸ. ಜೇಬಿಗೆ ಹಾಕಿಕೊಂಡೆ.

ಆನೆಯನ್ನು ಇಲಿ ಕಟ್ಟಿ ಹಾಕಿದೆ. ಹಾಸ್ಯವಾಗಿ ಬರೆದರೆ ಹಾಸ್ಯ.

ಜೂನ್ 30. ಬೆಳಿಗ್ಗೆ 6:40

ಮಳೆ ಧೋ ಎಂದು. ಅವಳು ಗಾಡಿಯಲ್ಲಿ ಕುಳಿತು ಸ್ಟಾರ್ಟ್ ಮಾಡಿಯಾಗಿದೆ. ಕಿಟಕಿಯಿಂದ ಕೂಗಿದಳು –

"ಗಾಡಿ ತೆಗೀರಿ."

ಬರೀತಾ ಇದ್ದೇನೆ, ಎರಡು ನಿಮಿಷ ಎಂದೆ. ಹೊರಡುವ ಮೊದಲು ಒಳಗೆ ಬರಲಿ. ಏನಾದರೂ ಹೇಳಲಿ. ಬೈಯಲಿ. ತುಕ್ಕಿನ ಮಾತು ಎತ್ತಲಿ. ಆಗ ನಾನೂ ಹೇಳ್ತೇನೆ, ಜೋಕಿಲ್ಲದೆ ಹೇಳ್ತೇನೆ. ಹೋಗಬೇಡ ಎನ್ನಲಿಕ್ಕೆ ಬೇರೆ ಮಾತು ಗೊತ್ತಿರಲಿಲ್ಲ ಎಂದು.

ಹಾರ್ನ್.

ಮೇ ತಿಂಗಳಲ್ಲಿ 'ತೆಗೆಯುವ', ಅಂದರೆ ತೆಗೆಯೋಣ. ಉತ್ತಮ ಪುರುಷ, ಬಹುವಚನ – ಅದರೊಳಗೆ ನಾನೂ ಇದ್ದೆ. ಮೊನ್ನೆ 'ತೆಗೆದೆ'. ಉತ್ತಮ ಪುರುಷ, ಏಕವಚನ. ಇವತ್ತು 'ತೆಗೀರಿ'. ಮಧ್ಯಮ ಪುರುಷ. ಮೂವತ್ತು ವರ್ಷ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದದ್ದೇ. ಇನ್ನು ಉಳಿದದ್ದು ಅನ್ಯಪುರುಷ.

ಹಾರ್ನ್. ಉದ್ದಕ್ಕೆ.

ಬರ್ತಾಳೆ. ಬಾರದೆ ಎಲ್ಲಿಗೆ ಹೋಗ್ತಾಳೆ, ಗೇಟು ಒಂದೇ.

ಹಾರ್ನ್ ನಿಂತಿತು. ಬಾಗಿಲು ತೆರೆದ ಶಬ್ದ ಇಲ್ಲ. ಕಟಕ್ ಎಂದು ಏನೋ ಬಿತ್ತು – ಲಿವರ್. ಎಂಜಿನ್ನಿನ ಸ್ವರ ದಪ್ಪ ಆಯಿತು. ಎದ್ದು ನೋಡಿದೆ. ಗಾಡಿ ಗೇಟಿನ ಕಡೆಗಿಲ್ಲ. ಬಲಕ್ಕೆ ತಿರುಗಿದೆ. ದಾಸವಾಳದ ಮೇಲಿಂದ, ಗೋಡೆ ಇಲ್ಲದ ಕಡೆಯಿಂದ, ಆ ಕೆಸರಿನ ಜಾರಿನಲ್ಲಿ ನಾಲ್ಕೂ ಚಕ್ರ ಕಚ್ಚಿಕೊಂಡು, ಮೆಲ್ಲ ಮೆಲ್ಲ ಕೆಳಗಿನ ರಸ್ತೆಗೆ... ಒಮ್ಮೆಯೂ ಜಾರಲಿಲ್ಲ. ಹಿಂದಿನ ಕೆಂಪು ಲೈಟು ವೇಣೂರು ಕಡೆಗೆ...

ಇಲಿಯ ಬೀಗದಕೈ ಇನ್ನೂ ನನ್ನ ಜೇಬಿನಲ್ಲೇ.