ಮಂಗಳವಾರದ ಗ್ರೀಕ್ ಕೋಣೆಯ ಬೀಗ ತೆಗೆಸಿ

ವಿಶ್ವವಿದ್ಯಾಲಯದ ಮಾನ್ಯ ಡೀನ್ ಅವರೇ,

ಪ್ರಾಚೀನ ಗ್ರೀಕ್ ತರಗತಿಯನ್ನು ತಾವು ಮುಚ್ಚಿಸಿದ್ದೀರಿ. ಮೂವರಿಗಾಗಿ ಒಂದು ಕೋಣೆ, ಒಬ್ಬ ಅಧ್ಯಾಪಕಿ ಎಂದರೆ ದುಂದಂತೆ. ಇನ್ನು ರೆಕಾರ್ಡ್ ಮಾಡಿದ ಪಾಠವನ್ನು ಮನೆಯಲ್ಲೇ ಕೇಳಬೇಕಂತೆ. ಎರಡೂವರೆ ಸಾವಿರ ವರ್ಷ ಬಾಳಿದ ಸಾಹಿತ್ಯ ಕೊನೆಗೆ ನಮ್ಮ ಹಾಜರಾತಿ ಸಾಲದೆ ಸತ್ತಿತೆನ್ನೋಣವೇ? ಐ ಬೆಗ್ ಟು... ಮುಂದೇನೋ ಬರುತ್ತದೆ. ಅರ್ಜಿ ಹೀಗೆ ಬರೆಯಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು; ಬೇಡುವುದಷ್ಟೇ ನೆನಪಿದೆ.

ನಾನು ಈ ದೇಶದ ಜುರಾಂಗ್ ಐಲ್ಯಾಂಡಿನ ತೈಲ ರಿಫೈನರಿಯಲ್ಲಿ ದುಡಿದು, ನಿವೃತ್ತನಾಗಿ ಇಲ್ಲೇ ಉಳಿದ ಮೈಸೂರಿನವನು. ಈ ವಯಸ್ಸಿಗೆ ಗ್ರೀಕ್ ಯಾಕೆಂದು ತಮ್ಮ ಕಚೇರಿಯಲ್ಲಿ ನಕ್ಕರು. ಹೇಳುತ್ತೇನೆ. ನನ್ನ ಹೆಂಡತಿ ನಾಗಮಣಿ ಇಂಗ್ಲಿಷ್ ಟೀಚರ್. ನಾನು ಬಾಯಿ ತೆರೆದರೆ ತಿದ್ದುತ್ತಿದ್ದಳು: ಹಾಕರ್ ಸೆಂಟರಿನಲ್ಲಿ ಊಟ ಕೊಳ್ಳುವಾಗ, ಎಂಆರ್‌ಟಿ ರೈಲಿನಲ್ಲಿ, ಕೊನೆಗೆ ಆಸ್ಪತ್ರೆಯ ಹಾಸಿಗೆಯಿಂದ, ನಾನು ನರ್ಸಿಗೆ ಹೇಳಿದ ಮಾತನ್ನೂ. ಅವಳು ಹೋದ ಮೇಲೆ ಸೆಂಗ್‌ಕಾಂಗಿನ ಫ್ಲ್ಯಾಟಿನಲ್ಲಿ ನಾನು ಆಡಿದ್ದೆಲ್ಲ ಸರಿಯೇ ಆಗತೊಡಗಿತು. ಸದಾ ಸರಿಯಾಗಿರುವ ಕಷ್ಟ ಡೀನ್ ಹುದ್ದೆಯಲ್ಲಿರುವ ತಮಗೂ ತಿಳಿದಿರಬೇಕು.

ಹೊತ್ತು ಹೋಗಲೆಂದು ತರಗತಿಗೆ ಸೇರಿದೆ. ಮೊದಲ ದಿನವೇ ಪುಸ್ತಕ ಕೈಜಾರಿ ಬಿತ್ತು, ಎತ್ತಿ ಕಣ್ಣಿಗೊತ್ತಿಕೊಂಡೆ. ಪಕ್ಕದಲ್ಲಿದ್ದವಳು ಗಗನಾ, ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ; ಇಲ್ಲಿಯವರಂತೆ ಮಾತಿನ ಬಾಲಕ್ಕೊಂದು 'ಲಾ' ಅಂಟಿಸುತ್ತಾಳೆ.

"ಅಂಕಲ್, ಇದು ಗ್ರೀಕ್ ಗ್ರಾಮರ್ ಲಾ! ದೇವರ ಬುಕ್ ಅಲ್ಲ."

"ಅವರಿಗೂ ವಿದ್ಯೆಗೊಬ್ಬಳು ದೇವಿ ಇದಾಳಲ್ಲಮ್ಮ, ನೋಡ್ತಿರ್ತಾಳೆ."

"ಅವಳ ಕೈಲಿ ವೀಣೆ ಅಲ್ಲ ಅಂಕಲ್, ಈಟಿ. ಬಿ ಕೇರ್‌ಫುಲ್!"

ಮುಂದೊಂದು ದಿನ ಅವಳದೇ ಪುಸ್ತಕ ಬಿತ್ತು. ಅತ್ತಿತ್ತ ನೋಡಿ ಮೆಲ್ಲನೆ ಕಣ್ಣಿಗೊತ್ತಿಕೊಂಡಳು.

ನಮ್ಮಲ್ಲಿ ಸರದಿಯಂತೆ ಗಟ್ಟಿಯಾಗಿ ಓದಬೇಕು, ತಪ್ಪನ್ನು ಪಕ್ಕದವರು ಹಿಡಿಯಬೇಕು. ಅಧ್ಯಾಪಕಿಯ ಪದ್ಧತಿ ಅದು. ನಾನು ಓದಿದೆ. "ರಾಂಗ್, ಅಂಕಲ್! ಅಗೇನ್." ಮತ್ತೆ ಓದಿದೆ. "ಸ್ಟಿಲ್ ರಾಂಗ್ ಲಾ!" ಮಾನ್ಯರೇ, ಅಂದು ಮನೆಗೆ ಮರಳುವಾಗ ರೈಲಿನಲ್ಲಿ ಒಬ್ಬನೇ ನಗುತ್ತಿದ್ದೆ. ಜನ ಸೀಟು ಬದಲಿಸಿದರು.

ತಮ್ಮ ರೆಕಾರ್ಡ್ ಪಾಠವನ್ನೂ ಹಾಕಿಕೊಂಡು ಕೂತೆ. ತಕರಾರಿಲ್ಲ, ಚಿತ್ರ ಸ್ವಚ್ಛ, ದನಿ ಸ್ಪಷ್ಟ. ಈಗ ನೀವು ಓದಿ ಎಂದು ಹೇಳಿ ಪರದೆ ಸುಮ್ಮನಾಗುತ್ತದೆ. ಬೇಕೆಂದೇ ತಪ್ಪಾಗಿ ಓದಿದೆ. ತುಸು ಹೊತ್ತು ಕಾದು, "ಎಕ್ಸಲೆಂಟ್!" ಎಂದಿತು.

ತರಗತಿಯನ್ನು ಮತ್ತೆ ತೆರೆಯಿರಿ. ಅಧ್ಯಾಪಕಿಯನ್ನು ಕೊಡಲಾಗದಿದ್ದರೆ ಮಂಗಳವಾರ ಮಧ್ಯಾಹ್ನ ಆ ಕೋಣೆಯ ಬೀಗವನ್ನಾದರೂ ತೆಗೆಸಿ. ಏಸಿ ಬೇಡ, ದೀಪವೂ ಬೇಡ, ಕಿಟಕಿ ದೊಡ್ಡದಿದೆ. ಗಗನಾ ಬರುತ್ತೇನೆಂದಿದ್ದಾಳೆ. ನಾನು ಓದಬೇಕು, ಅವಳು ಕೇಳಬೇಕು. ಅಷ್ಟೇ.

ಇಂತಿ,
ತಪ್ಪು ಓದಲು ಪುಸ್ತಕ ತೆರೆದು ಕಾದಿರುವ
ದ್ವಾರಕನಾಥ್